ಜಮೀನು ಅಪ್ಪನದು, ಜಿಂಕೆ ಯಾರದು?

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರ ಕೋವಿಯಿಂದ ಜಿಂಕೆ ಹೊಡೆಯುವ ಒಂಬತ್ತು ದಿನಗಳ ಋತು ಶುರುವಾಗುತ್ತದೆ. ಐದು ಲಕ್ಷಕ್ಕೂ ಹೆಚ್ಚು ಜನ ಬೆಳಕು ಹರಿಯುವ ಮೊದಲೇ ಕಾಡಿಗೆ, ಹೊಲದ ಅಂಚಿಗೆ ಹೋಗಿ ಕೂರುತ್ತಾರೆ. ಅವರಲ್ಲಿ ಎಷ್ಟೋ ಅಪ್ಪ ಮಗಳು, ಅಮ್ಮ ಮಗ, ಅಜ್ಜ ಮೊಮ್ಮಗಳು ಜೋಡಿಗಳಿರುತ್ತವೆ. ಅವರು ಕೂರುವ ಜಾಗವೂ ಬಹಳಷ್ಟು ಸಲ ತಲೆಮಾರುಗಳಿಂದ ಬಂದ ಸ್ವಂತ ಜಮೀನು. ನಮ್ಮ ಜಮೀನು, ನಮ್ಮ ಕೋವಿ, ನಮ್ಮ ಮಗಳು, ಕೇಳೋರು ಯಾರು ಎನ್ನುವ ಹಾಗೆ ಇದು ಹೊರಗಿನಿಂದ ಕಾಣುತ್ತದೆ. ಕೇಳುವವರು ಇದ್ದಾರೆ. ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ವಯಸ್ಸಿಗೆ, ಯಾವ ಬಣ್ಣದ ಬಟ್ಟೆಯಲ್ಲಿ, ಹೊಡೆಯುವುದು ಗಂಡು ಜಿಂಕೆಯನ್ನೋ ಹೆಣ್ಣನ್ನೋ, ಎಲ್ಲಕ್ಕೂ ಉತ್ತರ ಕೊಡಬೇಕು. ಇಷ್ಟೆಲ್ಲ ಯಾಕೆ ಅನ್ನುವುದು ತಿಳಿದರೆ ಆ ಅಪ್ಪ ನಿಜಕ್ಕೂ ಮಗಳಿಗೆ ಏನು ಕಲಿಸುತ್ತಿದ್ದಾನೆ ಅನ್ನುವುದೂ ತಿಳಿಯುತ್ತದೆ.

ಎಲ್ಲದರ ಬುಡದಲ್ಲಿರುವುದು ಒಂದೇ ತತ್ವ: ಕಾಡುಪ್ರಾಣಿ ಜಮೀನಿನ ಒಡೆಯನದಲ್ಲ. ಬ್ರಿಟನ್ನಿನಲ್ಲಿ ಬೇಟೆಯ ಹಕ್ಕು ಭೂಮಿಯ ಜೊತೆಗೇ ಬರುತ್ತಿತ್ತು, ಹಾಗಾಗಿ ಅದು ಜಮೀನ್ದಾರರ ಸೊತ್ತಾಗಿತ್ತು. ಅಲ್ಲಿಂದ ಹೋಗಿ ಅಮೆರಿಕದಲ್ಲಿ ನೆಲೆಸಿದವರು ಆ ಪದ್ಧತಿಯನ್ನು ಒಪ್ಪಲಿಲ್ಲ. ಅಲ್ಲಿ ಬೆಳೆದು ಬಂದ ಕಾನೂನಿನ ಪ್ರಕಾರ ಜಿಂಕೆ ಎಲ್ಲ ಜನರ ಆಸ್ತಿ, ರಾಜ್ಯ ಸರ್ಕಾರ ಅವರ ಪರವಾಗಿ ಅದನ್ನು ನೋಡಿಕೊಳ್ಳುವ ಧರ್ಮದರ್ಶಿ. ಜಮೀನಿನ ಒಡೆಯನಿಗಿರುವುದು ಒಳಗೆ ಯಾರು ಬರಬಹುದು, ಯಾರು ಬರಬಾರದು ಎಂದು ಹೇಳುವ ಹಕ್ಕು ಮಾತ್ರ. ಅವನ ಜೋಳದ ಹೊಲದಲ್ಲೇ ಮೇಯ್ದು, ಅವನ ಓಕ್ ಮರಗಳ ಕೆಳಗೇ ಮಲಗಿ ಬೆಳೆದ ಜಿಂಕೆಯನ್ನು ಹೊಡೆಯಲೂ ಅವನು ಲೈಸನ್ಸ್ ತೆಗೆದುಕೊಳ್ಳಬೇಕು. ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ದಕ್ಷಿಣ ವಿಸ್ಕಾನ್ಸಿನ್ನಿನಲ್ಲಿ ಇವತ್ತು ಯಾರದೋ ಅಜ್ಜನ ಜಮೀನು ಅನ್ನಿಸಿಕೊಂಡಿರುವ ನೆಲದ ಬಹುಭಾಗ ಅಲ್ಲಿನ ಮೂಲನಿವಾಸಿಗಳಾದ ಹೋ-ಚಂಕ್ ಜನರದು. 1829ರಿಂದ 1837ರವರೆಗಿನ ಒಪ್ಪಂದಗಳಲ್ಲಿ ಅದನ್ನು ಅವರ ಕೈಯಿಂದ ಕಿತ್ತುಕೊಳ್ಳಲಾಯಿತು. ಜಿಂಕೆ ಬೇಟೆಯ ಕತೆಯನ್ನು ಬಿಳಿಯ ರೈತನ ಅಜ್ಜನಿಂದ ಶುರು ಮಾಡುವವರು ಇದನ್ನು ಮರೆತೇಬಿಡುತ್ತಾರೆ.

ಈ ಕಾನೂನುಗಳು ಹುಟ್ಟಿದ್ದು ಜಿಂಕೆ ಮುಗಿದೇ ಹೋಗುತ್ತದೆ ಎಂಬ ಭಯದಲ್ಲಿ. 19ನೇ ಶತಮಾನದಲ್ಲಿ ಜಿಂಕೆ ಮಾಂಸ ರೈಲು ಹತ್ತಿ ಪಟ್ಟಣದ ಮಾರುಕಟ್ಟೆಗೆ ಹೋಗುತ್ತಿತ್ತು. ಹೊಡೆದವನಿಗೆ ಹಣ ಸಿಗುತ್ತಿತ್ತು, ಎಷ್ಟು ಹೊಡೆಯಬಹುದು ಎಂಬ ಮಿತಿ ಇರಲಿಲ್ಲ. 20ನೇ ಶತಮಾನದ ಹೊಸ್ತಿಲಲ್ಲಿ ಇಡೀ ದೇಶದಲ್ಲಿ ಉಳಿದಿದ್ದ ಬಿಳಿಬಾಲದ ಜಿಂಕೆಗಳು ಅಂದಾಜು ಐದು ಲಕ್ಷ. 1900ರ ಲೇಸಿ ಕಾಯ್ದೆ, ಕಾನೂನು ಮೀರಿ ಹೊಡೆದ ಪ್ರಾಣಿಯನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸಿ ಮಾರುವುದನ್ನು ಅಪರಾಧ ಮಾಡಿತು. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆ ಬೇಟೆಯ ಕೋವಿ ಮತ್ತು ಗುಂಡುಗಳ ಮೇಲಿನ ಶೇ. 11ರ ತೆರಿಗೆಯನ್ನು ವನ್ಯಜೀವಿ ರಕ್ಷಣೆಗೆಂದೇ ರಾಜ್ಯಗಳಿಗೆ ಹಂಚಲು ಶುರು ಮಾಡಿತು. ಲೈಸನ್ಸಿನಿಂದ ಬಂದ ದುಡ್ಡನ್ನು ಬೇರೆ ಖರ್ಚಿಗೆ ತಿರುಗಿಸುವ ರಾಜ್ಯಕ್ಕೆ ಈ ಪಾಲು ಸಿಗುವುದಿಲ್ಲ. ಅಂದರೆ ಜಿಂಕೆಯನ್ನು ಉಳಿಸುವ ಖರ್ಚಿನ ದೊಡ್ಡ ಪಾಲನ್ನು ಹೊತ್ತವರು ಅದನ್ನು ಹೊಡೆಯುವವರೇ. ನನಗೆ ಈ ವ್ಯವಸ್ಥೆಯಲ್ಲಿ ಎಲ್ಲವೂ ಒಪ್ಪಿಗೆಯಲ್ಲ, ಆದರೆ ಇದು ಕೆಲಸ ಮಾಡಿದ್ದನ್ನು ಅಲ್ಲಗಳೆಯಲು ಆಗುವುದಿಲ್ಲ. ಇವತ್ತು ಬಿಳಿಬಾಲದ ಜಿಂಕೆಗಳ ಸಂಖ್ಯೆ ಮೂರು ಕೋಟಿಯ ಆಸುಪಾಸಿನಲ್ಲಿದೆ.

ಆ ಯಶಸ್ಸೇ ಮುಂದೆ ತಲೆನೋವಾಯಿತು. ಜಿಂಕೆಯನ್ನು ತಿನ್ನುತ್ತಿದ್ದ ತೋಳಗಳು ವಿಸ್ಕಾನ್ಸಿನ್ನಿನಲ್ಲಿ 1960ರ ಹೊತ್ತಿಗೆ ಇಲ್ಲವಾಗಿದ್ದವು. 70ರ ದಶಕದಲ್ಲಿ ಮಿನೆಸೋಟದ ಕಡೆಯಿಂದ ಅವು ಮತ್ತೆ ಬಂದರೂ, ಹೊಲ ಮತ್ತು ಮನೆಗಳೇ ತುಂಬಿರುವ ದಕ್ಷಿಣ ಭಾಗದಲ್ಲಿ ಹೆಚ್ಚಿಲ್ಲ. ಚೆನ್ನಾಗಿ ಮೇವು ಸಿಕ್ಕ ಹೆಣ್ಣು ಜಿಂಕೆ ಸಾಮಾನ್ಯವಾಗಿ ಅವಳಿ ಮರಿ ಹಾಕುತ್ತದೆ. ಜಿಂಕೆ ಜಾಸ್ತಿಯಾದ ಕಾಡಿನಲ್ಲಿ ಓಕ್, ಹೆಮ್ಲಾಕ್ ಸಸಿಗಳು ಮೇಲೇಳುವುದೇ ಇಲ್ಲ. ಹಳೆಯ ಮರಗಳು ನಿಂತಿರುತ್ತವೆ, ಅವುಗಳ ಕೆಳಗೆ ಜಿಂಕೆಯ ಬಾಯಿ ಎಟಕುವ ಎತ್ತರದವರೆಗೆ ಎಲ್ಲ ಬೋಳು. ಸಂಖ್ಯೆ ಇಳಿಯಬೇಕಾದರೆ ಹೆಣ್ಣು ಜಿಂಕೆಯನ್ನು ಹೊಡೆಯಬೇಕು. ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡುವುದರಿಂದ ಕೊಂಬಿನ ಗಂಡುಗಳನ್ನಷ್ಟೇ ಹೊಡೆದರೆ ಮುಂದಿನ ವರ್ಷದ ಮರಿಗಳ ಲೆಕ್ಕ ಹೆಚ್ಚೇನೂ ಬದಲಾಗುವುದಿಲ್ಲ. 1943ರಲ್ಲಿ ರಾಜ್ಯದ ಸಂರಕ್ಷಣಾ ಆಯೋಗದ ಸದಸ್ಯರಾಗಿದ್ದ ಆಲ್ಡೋ ಲಿಯೋಪೋಲ್ಡ್ ಹೆಣ್ಣು ಜಿಂಕೆಗಳನ್ನೂ ಹೊಡೆಯಬೇಕು ಎಂದು ವಾದಿಸಿದರು. ಆ ವರ್ಷ ಅದಕ್ಕೆ ಅವಕಾಶ ಕೊಟ್ಟಾಗ ಬೇಟೆಗಾರರೇ ಅವರ ಮೇಲೆ ತಿರುಗಿಬಿದ್ದರು. ಹೆಣ್ಣನ್ನು ಹೊಡೆಯಬಾರದು ಎಂಬುದು ಅಷ್ಟು ಹೊತ್ತಿಗೆ ಅವರಲ್ಲಿ ಒಂದು ಮರ್ಯಾದೆಯಾಗಿ ಬೇರೂರಿತ್ತು. ಲಿಯೋಪೋಲ್ಡ್ ಸ್ವತಃ ಬೇಟೆಗಾರ. 1935ರಲ್ಲಿ ಸಾಕ್ ಕೌಂಟಿಯಲ್ಲಿ ಸಾರ ಹೀರಿಹೋಗಿದ್ದ ಜಮೀನೊಂದನ್ನು ಕೊಂಡು, ಹೆಂಡತಿ ಮತ್ತು ಐವರು ಮಕ್ಕಳ ಜೊತೆ ವಾರಾಂತ್ಯಗಳಲ್ಲಿ ಅಲ್ಲಿ ಸಾವಿರಾರು ಪೈನ್ ಗಿಡ ನೆಟ್ಟವರು. ಸಸಿಗೆ ಜಿಂಕೆ ಬಾಯಿ ಹಾಕಿದರೆ ಏನಾಗುತ್ತದೆ ಎಂಬುದನ್ನು ಅವರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ಇನ್ನು ಮಕ್ಕಳ ವಿಷಯ. 1973ರ ಜನವರಿ 1 ಅಥವಾ ಆಮೇಲೆ ಹುಟ್ಟಿದ ಯಾರೇ ಆಗಲಿ, ವಿಸ್ಕಾನ್ಸಿನ್ನಿನಲ್ಲಿ ತಾವಾಗಿಯೇ ಲೈಸನ್ಸ್ ಪಡೆದು ಬೇಟೆಯಾಡಲು ಬೇಟೆ ಸುರಕ್ಷತೆಯ ತರಬೇತಿ ಮುಗಿಸಿರಬೇಕು. ಇದರಿಂದ ಸೇನೆಯವರಿಗೆ ಮತ್ತು ಇನ್ನು ಕೆಲವರಿಗೆ ಮಾತ್ರ ವಿನಾಯಿತಿ. ಪಾಠ ಮಾಡುವವರು ಹೆಚ್ಚಾಗಿ ಊರಿನ ಸ್ವಯಂಸೇವಕರು. ತರಬೇತಿ ಇಲ್ಲದ ಮಗು ಬೇಟೆಗೆ ಹೋಗಬೇಕಾದರೆ ಲೈಸನ್ಸ್ ಇರುವ ದೊಡ್ಡವರೊಬ್ಬರು ಕೈಯಳತೆಯಲ್ಲೇ ಇರಬೇಕು, ಚಾಚಿದರೆ ಕೋವಿ ಸಿಗುವಷ್ಟು ಹತ್ತಿರ. 12–13ರ ವಯಸ್ಸಿನವರು ತರಬೇತಿ ಮುಗಿಸಿದ್ದರೆ ಈ ದೂರ ಸ್ವಲ್ಪ ಸಡಿಲವಾಗುತ್ತದೆ: ದೊಡ್ಡವರು ಕಣ್ಣಿಗೆ ಕಾಣುವ, ಕೂಗಿದರೆ ಕೇಳುವ ಅಂತರದಲ್ಲಿದ್ದರೆ ಸಾಕು. ಫೋನು, ವಾಕಿಟಾಕಿಯಲ್ಲಿ ಮಾತಾಡಿದ್ದು ಲೆಕ್ಕಕ್ಕಿಲ್ಲ. 14 ತುಂಬಿ ತರಬೇತಿಯೂ ಆಗಿದ್ದರೆ ಒಬ್ಬರೇ ಹೋಗಬಹುದು. ಕೈಯಳತೆ, ಕಣ್ಣಳತೆ, ಆಮೇಲೆ ಒಂಟಿ. ಕಾನೂನು ಬರೆದವರು ಮಕ್ಕಳನ್ನು ಬಲ್ಲವರು ಅನ್ನಿಸುವುದು ಇಂಥ ಕಡೆ.

ಸ್ವಂತ ಜಮೀನು ಅಂದರೆ ಎಷ್ಟು ಅನ್ನುವುದೂ ಮುಖ್ಯ. ಅಮೆರಿಕದ ಭೂಮಾಪನ ಪದ್ಧತಿಯಲ್ಲಿ ಜಮೀನು ಚೌಕಗಳಾಗಿ ಹಂಚಿಹೋಗಿದೆ, 40 ಎಕರೆ ಅದರಲ್ಲಿ ಸಾಮಾನ್ಯವಾದ ಒಂದು ತುಂಡು. ಆ ಚೌಕದ ಒಂದು ಬದಿ ಸುಮಾರು 400 ಮೀಟರ್. ಜಿಂಕೆಗೆ ಬಳಸುವ ರೈಫಲ್ಲಿನ ಗುಂಡು ಸೆಕೆಂಡಿಗೆ 800 ಮೀಟರಿನ ಆಸುಪಾಸಿನ ವೇಗದಲ್ಲಿ ಹೊರಡುತ್ತದೆ, ಅಡ್ಡ ಸಿಗದಿದ್ದರೆ ಕೆಲವು ಕಿಲೋಮೀಟರ್ ಹಾರುತ್ತದೆ. ಚೌಕದ ನಡುವೆ ಕೂತು ಹೊಡೆದು ಗುರಿ ತಪ್ಪಿದರೆ ಕಾಲು ಸೆಕೆಂಡಿನಲ್ಲಿ ಅದು ಪಕ್ಕದವನ ಬೇಲಿ ದಾಟಿರುತ್ತದೆ. ಅಪ್ಪನ ಜಮೀನು ಎಷ್ಟೇ ಇರಲಿ, ಗುಂಡಿನ ಲೆಕ್ಕದಲ್ಲಿ ಅದು ಅಂಗೈ ಅಗಲ.

ಮರದ ಮೇಲಿನ ಅಟ್ಟಣಿಗೆಗೆ ಇರುವ ದೊಡ್ಡ ಗುಣ ಇಲ್ಲೇ. ನಾಲ್ಕೈದು ಮೀಟರ್ ಎತ್ತರದಿಂದ ಹೊಡೆದ ಗುಂಡು ಕೆಳಮುಖವಾಗಿ ಹೋಗುತ್ತದೆ, ಜಿಂಕೆಯನ್ನು ದಾಟಿದರೂ ನೆಲಕ್ಕೆ ಹೂತುಹೋಗುವ ಸಂಭವ ಹೆಚ್ಚು. ಆದರೆ ಅಟ್ಟಣಿಗೆಗೆ ಅದರದೇ ಅಪಾಯವಿದೆ. ಬೇಟೆಯಲ್ಲಿ ಆಗುವ ದೊಡ್ಡ ಗಾಯಗಳಲ್ಲಿ ಎಷ್ಟೋ ಮರದಿಂದ ಬಿದ್ದು ಆಗುವಂಥವು. ಅದಕ್ಕೇ ಮೈಗೆ ಪಟ್ಟಿ ಬಿಗಿದು, ಅದನ್ನು ಮರಕ್ಕೆ ಕಟ್ಟಿದ ಹಗ್ಗಕ್ಕೆ ಸಿಕ್ಕಿಸಿಕೊಂಡೇ ನೆಲ ಬಿಡಬೇಕು. ಕೋವಿಯನ್ನು ಹೆಗಲಿಗೆ ಹಾಕಿಕೊಂಡು ಹತ್ತುವಂತಿಲ್ಲ. ಗುಂಡು ತೆಗೆದು, ಖಾಲಿ ಎಂದು ಇಬ್ಬರೂ ಕಣ್ಣಾರೆ ನೋಡಿ, ಕೆಳಗೆ ಬಿಟ್ಟು, ಮೇಲೆ ಕೂತಮೇಲೆ ಹಗ್ಗದಿಂದ ಎಳೆದುಕೊಳ್ಳಬೇಕು. ಇಳಿಯುವಾಗಲೂ ಇದೇ ಕ್ರಮ. ಚಳಿಗೆ ಬೆರಳು ಮರಗಟ್ಟಿರುವಾಗ, ಮನೆಗೆ ಹೋದರೆ ಸಾಕು ಅನ್ನಿಸಿರುವಾಗ ಮಗಳು ಇದನ್ನೆಲ್ಲ ಮಾಡುತ್ತಾಳೋ ಇಲ್ಲವೋ ಎಂಬುದನ್ನು ಅಪ್ಪ ನೋಡುತ್ತಿರುತ್ತಾನೆ. ಅವಳ ಗುರಿ ಎಷ್ಟು ಚೆನ್ನಾಗಿದೆ ಅನ್ನುವುದು ಆಮೇಲಿನ ಮಾತು.

ಬಟ್ಟೆಯ ನಿಯಮ ಮೊದಲು ಕೇಳಿದಾಗ ವಿಚಿತ್ರ ಅನ್ನಿಸುತ್ತದೆ. ಜಿಂಕೆಗೆ ಕಾಣದಂತೆ ಅಡಗಿ ಕೂರಬೇಕಾದವರು ಸೊಂಟದಿಂದ ಮೇಲಿನ ಹೊರ ಉಡುಪಿನಲ್ಲಿ ಕನಿಷ್ಠ ಅರ್ಧ ಭಾಗ ಕಣ್ಣು ಕುಕ್ಕುವ ಕಿತ್ತಳೆ ಬಣ್ಣ ಧರಿಸಬೇಕು. 2016ರಿಂದ ಹೊಳೆಯುವ ಗುಲಾಬಿಯೂ ನಡೆಯುತ್ತದೆ. ಮನುಷ್ಯನ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಮೂರು ಬಗೆ, ಜಿಂಕೆಯ ಕಣ್ಣಿನಲ್ಲಿ ಎರಡೇ. ನೀಲಿ ಅದಕ್ಕೆ ಚೆನ್ನಾಗಿ ಕಾಣುತ್ತದೆ, ಕಿತ್ತಳೆ ಮತ್ತು ಕೆಂಪು ಒಣಗಿದ ಎಲೆಯ ಬಣ್ಣದ ಜೊತೆ ಬೆರೆತುಹೋಗುತ್ತವೆ. ಇನ್ನೊಬ್ಬ ಬೇಟೆಗಾರನಿಗೆ ಎದ್ದು ಕಾಣುವ ಮಗಳು ಜಿಂಕೆಗೆ ಕಾಣುವುದಿಲ್ಲ, ಅಲುಗಾಡದೆ ಕೂತರೆ. ಜಿಂಕೆ ನಿಜವಾಗಿ ನಂಬುವುದು ಮೂಗನ್ನು. ಗಾಳಿ ಬೇಟೆಗಾರನ ಕಡೆಯಿಂದ ಜಿಂಕೆಯ ಹಾದಿಗೆ ಬೀಸುತ್ತಿದ್ದರೆ ಆ ದಿನ ಆ ಅಟ್ಟಣಿಗೆ ಬಿಟ್ಟು ಬೇರೆ ಕಡೆ ಹೋಗುವುದೇ ಸರಿ.

ಈಗ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹದಿಮೂರರ ಮಗಳು, ಪಕ್ಕದಲ್ಲಿ ಅಪ್ಪ. ಓಕ್ ಮರಗಳ ಸಾಲಿನಿಂದ ಒಂದು ಹೆಣ್ಣು ಜಿಂಕೆ ಈಚೆ ಬರುತ್ತದೆ, ಎಪ್ಪತ್ತು ಮೀಟರ್ ದೂರ. ಕೌಂಟಿಯಲ್ಲಿ ಹೆಣ್ಣು ಹೊಡೆಯಲು ಬೇಕಾದ ಪರವಾನಗಿ ಮಗಳ ಹೆಸರಿನಲ್ಲಿದೆ, ಅದೂ ಖಾಸಗಿ ಜಮೀನಿಗೇ ಕೊಟ್ಟದ್ದು. ಅವಳು ಕೋವಿ ಎತ್ತುತ್ತಾಳೆ, ಬೆರಳು ಟ್ರಿಗರ್‌ನ ಹೊರಗೇ ಇದೆ.

“ಅದರ ಹಿಂದೆ ಏನಿದೆ?” ಅಪ್ಪನ ಪಿಸುಮಾತು.

“ದಿಬ್ಬ, ಅಪ್ಪ.”

“ಮುಖ ಯಾವ ಕಡೆ?”

“ನಮ್ಮ ಕಡೆ.”

“ಹಾಗಾದರೆ ಕಾಯಿ.”

ಎದುರುಮುಖವಾಗಿ ನಿಂತ ಜಿಂಕೆಯಲ್ಲಿ ಗುರಿಯ ಜಾಗ ಕಿರಿದು, ಎದೆಯ ಮೂಳೆ ಅಡ್ಡ. ಒಂದಿಷ್ಟು ಆಚೀಚೆ ಆದರೆ ಗುಂಡು ಹೊಟ್ಟೆಗೆ ಹೋಗಿ ಪ್ರಾಣಿ ಗಂಟೆಗಟ್ಟಲೆ ನರಳುತ್ತದೆ. ಪಕ್ಕಕ್ಕೆ ತಿರುಗಿ ನಿಂತಾಗ, ಮುಂಗಾಲಿನ ಹಿಂದೆ, ಎದೆಯ ಎತ್ತರದ ಕೆಳಗಿನ ಮೂರನೇ ಒಂದು ಭಾಗದಲ್ಲಿ ಹೃದಯ ಮತ್ತು ಶ್ವಾಸಕೋಶ ಒಟ್ಟಿಗೆ ಸಿಗುತ್ತವೆ. ಅಲ್ಲಿ ಬಿದ್ದರೆ ಸಾವು ಕೆಲವೇ ಸೆಕೆಂಡುಗಳದು. ಜಿಂಕೆ ಸ್ವಲ್ಪ ಹೊತ್ತು ಮೇಯುತ್ತದೆ, ತಲೆ ಎತ್ತುತ್ತದೆ, ಬಾಲ ಆಡಿಸುತ್ತದೆ, ತಿರುಗುತ್ತದೆ. ಆದರೆ ತಿರುಗಿದ ಜಾಗದಲ್ಲಿ ಅದರ ಹಿಂದೆ ದಿಬ್ಬ ಮುಗಿದು ಬರೀ ಆಕಾಶ. ಆಕಾಶದ ಆಚೆ ಯಾರ ಮನೆ, ಯಾರ ಕೊಟ್ಟಿಗೆ, ಯಾರ ಅಟ್ಟಣಿಗೆ, ಇಲ್ಲಿಂದ ಕಾಣದು. ಮಗಳು ತಾನಾಗಿಯೇ ಕೋವಿ ಇಳಿಸುತ್ತಾಳೆ. ಜಿಂಕೆ ಹೊರಟುಹೋಗುತ್ತದೆ. ಬೇಟೆ ಕಲಿಸುವ ಅನುಭವಸ್ಥರಿಗೆ ಮಗು ತಯಾರಾಗಿದೆ ಎಂದು ಗೊತ್ತಾಗುವುದು ಇಂಥ ಬೆಳಗಿನಲ್ಲಿ, ಮತ್ತು ಮನೆಗೆ ಬರಿಗೈಲಿ ಬಂದ ಮಗಳಿಗೆ ಅಪ್ಪ ಅದನ್ನು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ, ಜಿಂಕೆ ಬಿದ್ದ ದಿನ ಮಾತ್ರ ಅಪ್ಪನಿಗೆ ಖುಷಿ ಎಂದು ಅವಳು ತಿಳಿದುಕೊಳ್ಳುತ್ತಾಳೆ. ಆಮೇಲೆ ಹೊಡೆಯಬಾರದ ಕಡೆ ಹೊಡೆಯುವುದು ಆ ಖುಷಿಗಾಗಿ.

ಇನ್ನೊಂದು ದಿನ ಎಲ್ಲ ಸರಿಯಿದ್ದು ಈಡು ಹಾರಿತು ಅನ್ನಿ. ಕೂಡಲೇ ಇಳಿದು ಓಡಬಾರದು. ಗುಂಡು ತಗುಲಿದ ಜಿಂಕೆ ಬಿಟ್ಟುಬಿಟ್ಟರೆ ಹತ್ತಿರದಲ್ಲೇ ಮಲಗುತ್ತದೆ, ಬೆನ್ನಟ್ಟಿದರೆ ಕೊನೆಯ ಉಸಿರಿನಲ್ಲೂ ಮೈಲಿ ಓಡುತ್ತದೆ. ಅರ್ಧ ಗಂಟೆ ಕಾದು, ಗುಂಡು ಬಿದ್ದಾಗ ಅದು ನಿಂತಿದ್ದ ಜಾಗ ಹುಡುಕಬೇಕು. ನೊರೆನೊರೆಯಾದ ತಿಳಿಗೆಂಪು ರಕ್ತ ಕಂಡರೆ ಶ್ವಾಸಕೋಶಕ್ಕೆ ಬಿದ್ದಿದೆ, ಜಿಂಕೆ ದೂರ ಹೋಗಿರುವುದಿಲ್ಲ. ಕಪ್ಪು ಕೆಂಪಾದರೆ ಪಿತ್ತಜನಕಾಂಗ. ಹಸಿರು ಬೆರೆತಿದ್ದರೆ, ಅರೆದ ಮೇವಿನ ತುಣುಕು ಕಂಡರೆ ಹೊಟ್ಟೆಗೆ ತಗುಲಿದೆ, ಸದ್ದಿಲ್ಲದೆ ಹಿಂದೆ ಸರಿದು ಹಲವು ಗಂಟೆ ಕಾಯಬೇಕು. ಜಾಡು ಹಿಡಿಯುವ ಕೆಲಸದಲ್ಲಿ ಮಕ್ಕಳ ಕಣ್ಣು ದೊಡ್ಡವರಿಗಿಂತ ಚುರುಕು: ಎಲೆಯ ಅಡಿಭಾಗಕ್ಕೆ ಅಂಟಿದ ಸಾಸಿವೆಯಷ್ಟು ಚುಕ್ಕೆಯನ್ನೂ ಅವು ಬಿಡುವುದಿಲ್ಲ.

ಜಾಡು ಪಕ್ಕದವನ ಬೇಲಿಯ ಆಚೆ ಹೋಯಿತೋ, ಅಲ್ಲಿಗೆ ನಿಲ್ಲಬೇಕು. ಜಿಂಕೆ ಹತ್ತು ಹೆಜ್ಜೆ ದೂರದಲ್ಲಿ ಬಿದ್ದಿರುವುದು ಕಣ್ಣಿಗೆ ಕಾಣುತ್ತಿದ್ದರೂ ಆ ಜಮೀನಿನವರ ಅಪ್ಪಣೆ ಇಲ್ಲದೆ ಕಾಲಿಡುವುದು ಅತಿಕ್ರಮ ಪ್ರವೇಶ. ಅದಕ್ಕೇ ತಿಳಿದವರು ಋತು ಶುರುವಾಗುವ ಮೊದಲೇ ನೆರೆಯವರ ಮನೆಗೆ ಮಕ್ಕಳನ್ನೂ ಕರೆದುಕೊಂಡು ಹೋಗಿ ಕೇಳಿಟ್ಟುಕೊಂಡಿರುತ್ತಾರೆ.

ಸಿಕ್ಕಿದ ಮೇಲಿನ ಕೆಲಸ ಇನ್ನೂ ಇದೆ. ಹೊಟ್ಟೆ ಸೀಳಿ, ಕರುಳು ಮತ್ತು ಮೂತ್ರಕೋಶ ಒಡೆಯದಂತೆ ಒಳಗಿನದನ್ನೆಲ್ಲ ತೆಗೆದು, ಮಾಂಸ ಬೇಗ ತಣಿಯುವಂತೆ ಮಾಡಬೇಕು. ಬಿಸಿ ಹಬೆಯಾಡುವ ಒಡಲಿಗೆ ಮೊಣಕೈವರೆಗೆ ಕೈ ಹಾಕುವ ಈ ಕೆಲಸವನ್ನು ಮಕ್ಕಳಿಂದ ಮರೆಮಾಡುವ ಅಪ್ಪಂದಿರೂ ಇದ್ದಾರೆ. ಅದು ತಪ್ಪು ಎಂದೇ ನನ್ನ ಅಭಿಪ್ರಾಯ. ಟ್ರಿಗರ್ ಎಳೆದವರು ಅದರ ಫಲವನ್ನೂ ಕೈಯಾರೆ ಮುಟ್ಟಬೇಕು. ಮಾರನೆಯ ದಿನ ಸಂಜೆ ಐದರೊಳಗೆ ಆನ್‌ಲೈನಿನಲ್ಲೋ ಫೋನಿನಲ್ಲೋ ಜಿಂಕೆಯನ್ನು ರಾಜ್ಯದ ಲೆಕ್ಕಕ್ಕೆ ಸೇರಿಸಬೇಕು. 2015ಕ್ಕೆ ಮುಂಚೆ ಇದಕ್ಕೆ ಊರಿನ ಅಂಗಡಿ, ಪೆಟ್ರೋಲ್ ಬಂಕಿನ ನೋಂದಣಿ ಕೇಂದ್ರಕ್ಕೆ ಜಿಂಕೆಯನ್ನೇ ಗಾಡಿಯಲ್ಲಿ ಹೊತ್ತುಕೊಂಡು ಹೋಗಬೇಕಿತ್ತು. ಊರಿನವರೆಲ್ಲ ಸೇರಿ ನೋಡುತ್ತಿದ್ದ ಆ ಗಳಿಗೆ ಹೋಯಿತಲ್ಲ ಎಂದು ಹಳಬರು ಈಗಲೂ ಕೊರಗುತ್ತಾರೆ.

ತಿನ್ನುವುದಕ್ಕೂ ಅವಸರ ಬೇಡ. ಜಿಂಕೆಗಳ ಮೆದುಳನ್ನು ತಿಂದು ಕೃಶವಾಗಿಸಿ ಕೊಲ್ಲುವ ರೋಗವೊಂದಿದೆ, ಅಲ್ಲಿನವರು ಅದನ್ನು ಸಿಡಬ್ಲ್ಯುಡಿ ಎನ್ನುತ್ತಾರೆ. 1967ರಲ್ಲಿ ಕೊಲೊರಾಡೋದಲ್ಲಿ ಸಾಕಿದ ಜಿಂಕೆಗಳಲ್ಲಿ ಮೊದಲು ಕಂಡದ್ದು, ವಿಸ್ಕಾನ್ಸಿನ್ನಿನಲ್ಲಿ ಪತ್ತೆಯಾದದ್ದು 2002ರಲ್ಲಿ. ಕಾರಣ ವೈರಸ್ಸೂ ಅಲ್ಲ, ಬ್ಯಾಕ್ಟೀರಿಯಾವೂ ಅಲ್ಲ, ತಪ್ಪಾಗಿ ಮಡಚಿಕೊಂಡ ಪ್ರಿಯಾನ್ ಎಂಬ ಪ್ರೋಟೀನು. ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಅಡುಗೆಯ ಬಿಸಿಗೆ ನಾಶವಾಗುವುದಿಲ್ಲ. ರೋಗ ತಗುಲಿದ ಜಿಂಕೆ ತಿಂಗಳುಗಟ್ಟಲೆ ಆರೋಗ್ಯವಾಗಿಯೇ ಕಾಣುವುದರಿಂದ ನೋಡಿ ಗುರುತಿಸಲಾಗದು. ಮನುಷ್ಯರಿಗೆ ಇದು ಹರಡಿದ ಪ್ರಕರಣ ಇದುವರೆಗೆ ದೃಢಪಟ್ಟಿಲ್ಲ, ಆದರೂ ರೋಗವಿರುವ ಜಿಂಕೆಯ ಮಾಂಸ ತಿನ್ನಬೇಡಿ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. ವಿಸ್ಕಾನ್ಸಿನ್ನಿನಲ್ಲಿ ಬೇಟೆಗಾರರಿಗೆ ಪರೀಕ್ಷೆ ಉಚಿತ. ತಲೆಯನ್ನು ಕತ್ತಿನ ಒಂದಿಷ್ಟು ಭಾಗದ ಜೊತೆ ಸಂಗ್ರಹ ಪೆಟ್ಟಿಗೆಯಲ್ಲಿ ಇಟ್ಟು ಬಂದು, ಫಲಿತಾಂಶ ಬರುವವರೆಗೆ ಮಾಂಸಕ್ಕೆ ಚೀಟಿ ಅಂಟಿಸಿ ಫ್ರೀಜರಿನಲ್ಲಿಡುವುದು ಒಳ್ಳೆಯ ಮನೆಗಳ ರೂಢಿ. ಸೀಸದ ಗುಂಡಿನ ವಿಷಯವೂ ಇದೆ. ಅದು ಒಳಗೆ ಸಿಡಿದು ಕಣ್ಣಿಗೆ ಕಾಣದ ಚೂರುಗಳಾಗಿ ಮಾಂಸದಲ್ಲಿ ಹರಡುತ್ತದೆ. 2008ರಲ್ಲಿ ನಾರ್ತ್ ಡಕೋಟದಲ್ಲಿ ಬಡವರಿಗೆ ದಾನ ಕೊಟ್ಟಿದ್ದ ಜಿಂಕೆ ಮಾಂಸದಲ್ಲಿ ಇಂಥ ಚೂರುಗಳು ಸಿಕ್ಕು, ಅದನ್ನು ಎಸೆಯಲು ಅಧಿಕಾರಿಗಳು ಹೇಳಬೇಕಾಯಿತು. ಮಕ್ಕಳಿರುವ ಮನೆಯಲ್ಲಿ ತಾಮ್ರದ ಗುಂಡನ್ನೇ ಬಳಸಬೇಕು, ಬೆಲೆ ಹೆಚ್ಚಾದರೂ ಸರಿ.

ಈ ಪದ್ಧತಿಯಲ್ಲಿ ನನಗೆ ಒಪ್ಪದ ಸಂಗತಿಯೊಂದಿದೆ. ಬೇಟೆಗಾರರಿಗೆ ವಯಸ್ಸಾಗುತ್ತಿದೆ, ಹೊಸಬರು ಕಡಿಮೆ, ಅವರ ಲೈಸನ್ಸು ಮತ್ತು ತೆರಿಗೆಯ ಹಣದ ಮೇಲೇ ವನ್ಯಜೀವಿ ರಕ್ಷಣೆಯ ಕೆಲಸ ನಿಂತಿದೆ. ಹಾಗಾಗಿ ರಾಜ್ಯಗಳು ಮಕ್ಕಳನ್ನು ಬೇಗ ಸೆಳೆಯಲು ನೋಡುತ್ತವೆ. ದೊಡ್ಡವರ ಜೊತೆಗಿನ ಬೇಟೆಗೆ ವಿಸ್ಕಾನ್ಸಿನ್ನಿನಲ್ಲಿ ಹತ್ತು ವರ್ಷದ ಕನಿಷ್ಠ ವಯಸ್ಸು ಇತ್ತು. 2017ರಲ್ಲಿ ಅದನ್ನೇ ತೆಗೆದುಹಾಕಿದರು. ಆ ವರ್ಷ ಒಂದು ವರ್ಷ ತುಂಬದ ಕೂಸುಗಳ ಹೆಸರಿನಲ್ಲೂ ಲೈಸನ್ಸ್ ಪಡೆದವರಿದ್ದರು. ಮಗು ಯಾವಾಗ ತಯಾರು ಎಂದು ತಂದೆತಾಯಿಗೇ ಗೊತ್ತು ಎಂಬುದು ಕಾನೂನಿನ ಪರ ಇರುವವರ ಮಾತು. ಎಲ್ಲ ತಂದೆತಾಯಿಗೂ ಗೊತ್ತಿರುವುದಿಲ್ಲ, ಗೊತ್ತಿಲ್ಲದವರ ಪಕ್ಕದ ಜಮೀನಿನಲ್ಲೂ ಯಾರದೋ ಮಕ್ಕಳು ಕೂತಿರುತ್ತಾರೆ.

ಭಾರತದಲ್ಲಿ ಕತೆಯೇ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಲಂ 9 ಬೇಟೆಯನ್ನು ನಿಷೇಧಿಸುತ್ತದೆ, ನಿಮ್ಮದೇ ತೋಟಕ್ಕೆ ನುಗ್ಗಿದ ಜಿಂಕೆ, ಕಡವೆಗೂ ಅದು ಅನ್ವಯ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿ ಲೈಸನ್ಸಿನಿಂದ ವಿನಾಯಿತಿ ಇದೆ, ಬೇಟೆಯಿಂದ ವಿನಾಯಿತಿ ಇಲ್ಲ. ಕೈಲ್ ಮುಹೂರ್ತದಲ್ಲಿ ಕೋವಿಗೆ ಪೂಜೆಯಾದ ಮೇಲೆ ಈಗ ಈಡು ಬೀಳುವುದು ತೆಂಗಿನಕಾಯಿಗೆ. ಆದರೂ ಎರಡು ದೇಶಗಳ ಕಾನೂನಿಗೆ ಒಂದು ಬೇರು ಸಮಾನ: ನಮ್ಮ ಕಾಯ್ದೆಯ ಕಲಂ 39ರ ಪ್ರಕಾರವೂ ಬೇಟೆಯಾದ ಕಾಡುಪ್ರಾಣಿ ಸರ್ಕಾರದ ಸೊತ್ತು, ಜಮೀನಿನವನದಲ್ಲ. ಇದಕ್ಕೆ ತೀರ ವಿರುದ್ಧವಾದ ಸ್ಥಿತಿ ಇರುವುದು ಟೆಕ್ಸಾಸಿನಲ್ಲಿ, ಅದೂ ಬಂಡೀಪುರದಲ್ಲಿ ನಾವು ನೋಡುವ ಚುಕ್ಕೆ ಜಿಂಕೆಯ ವಿಷಯದಲ್ಲೇ. 1930ರ ದಶಕದಲ್ಲಿ ಅಲ್ಲಿಗೆ ತಂದು ಬಿಟ್ಟ ಅವು ಈಗ ಸಾವಿರಗಟ್ಟಲೆ ಇವೆ. ಪರದೇಶದ ಪ್ರಾಣಿಯಾದ್ದರಿಂದ ಅಲ್ಲಿನ ಬಿಳಿಬಾಲದ ಜಿಂಕೆಗಿರುವ ಋತುವಿನ ಮಿತಿ, ಸಂಖ್ಯೆಯ ಮಿತಿ ರಾಜ್ಯದ ಕಡೆಯಿಂದ ಅದಕ್ಕಿಲ್ಲ.

ಅಮೆರಿಕದಲ್ಲಿರುವ ಕನ್ನಡದ ಮನೆಗಳಿಗೆ ಇದೆಲ್ಲ ದೂರದ ಮಾತಲ್ಲ. ಮಗನ ಸಹಪಾಠಿಯ ಅಪ್ಪ, “ಈ ಸಲ ನಮ್ಮ ಜಮೀನಿಗೆ ಅವನನ್ನೂ ಕಳಿಸಿ” ಎಂದು ಕರೆಯಬಹುದು. ಅದು ಆ ಕಡೆ ಮನೆಯೊಳಕ್ಕೆ ಬಿಟ್ಟುಕೊಂಡಷ್ಟೇ ಆತ್ಮೀಯತೆಯ ಆಹ್ವಾನ, ಥಟ್ಟನೆ ಬೇಡ ಎಂದು ಮುಖ ತಿರುಗಿಸುವ ಮೊದಲು ಯೋಚಿಸಿ. ಆದರೆ ಹುಡುಗ ಎಚ್–4ರಂಥ ತಾತ್ಕಾಲಿಕ ವೀಸಾದಲ್ಲಿದ್ದರೆ ಒಂದು ವಿಷಯ ಗಟ್ಟಿಯಾಗಿ ತಿಳಿದಿರಲಿ. ಕೇಂದ್ರ ಕಾನೂನಿನ ಪ್ರಕಾರ ಅಂಥವರು ಕೋವಿಯನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಇದಕ್ಕಿರುವ ವಿನಾಯಿತಿಗಳಲ್ಲಿ ಒಂದು, ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸನ್ಸ್. ಸುಮ್ಮನೆ ಒಂದು ಸಲ ಹಿಡಿದು ನೋಡು ಎಂದು ಸ್ನೇಹಿತ ಕೈಗೆ ಕೊಟ್ಟದ್ದೂ ವೀಸಾಕ್ಕೆ ಕುತ್ತು ತರಬಹುದು, ಅನುಮಾನವಿದ್ದರೆ ವಲಸೆ ವಕೀಲರನ್ನು ಕೇಳಿಯೇ ಮುಂದುವರಿಯಿರಿ. ಕೋವಿ ಮುಟ್ಟದೆ ನೋಡಲಷ್ಟೇ ಹೋಗುವುದಾದರೂ ಕಿತ್ತಳೆ ಅಂಗಿ ಹಾಕಿಸಿ. ಕಳಿಸುವ ಮುನ್ನ ಆ ತಂದೆಯನ್ನು ಕೇಳಬೇಕಾದ್ದನ್ನು ಸಂಕೋಚವಿಲ್ಲದೆ ಕೇಳಿ: ಮಕ್ಕಳು ಯಾರ ಪಕ್ಕದಲ್ಲಿ ಕೂರುತ್ತಾರೆ, ಅಟ್ಟಣಿಗೆಯಲ್ಲಿ ಮೈಪಟ್ಟಿ ಇದೆಯೇ, ರಾತ್ರಿ ಕೋವಿಗಳಿಗೆ ಬೀಗ ಎಲ್ಲಿ, ಕುಡಿಯುವವರು ಯಾರಾದರೂ ಜೊತೆಗಿರುತ್ತಾರೆಯೇ. ಒಳ್ಳೆಯ ಬೇಟೆಗಾರ ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ, ಬೇಸರಿಸಿದವರ ಜೊತೆ ಮಗನನ್ನು ಕಳಿಸಬೇಡಿ.